ಪಹಣಿ ಇಲ್ಲದವರ ಸಂಕಟಕ್ಕೆ ಯಾರು ಹೊಣೆ?

ಓದುಗರ ಪ್ರಶ್ನೆ, ತಜ್ಞರ ಉತ್ತರ
ಈ ವಾರ ಉತ್ತರಿಸಿದವರು: ಮಂಡ್ಯದ ಮನೋವೈದ್ಯರು

ಪ್ರಶ್ನೆ: ನಮ್ಮದು ಮದ್ದೂರು ತಾಲ್ಲೂಕಿನ ಒಂದು ಹಳ್ಳಿ. ಸ್ವಂತದ್ದೆಂದರೆ ಹತ್ತು ಗುಂಟೆ, ಅದೂ ಇನ್ನೂ ಮಾವನವರ ತಂದೆಯ ಹೆಸರಿನಲ್ಲೇ ಇದೆ. ಒಂದೂವರೆ ಎಕರೆ ಗದ್ದೆಯನ್ನು ವಾರಕ್ಕೆ, ಅಂದರೆ ಬೆಳೆಯಲ್ಲಿ ಪಾಲು ಕೊಡುವ ಮಾತಿಗೆ, ಹಿಡಿದು ಭತ್ತ ಬೆಳೆಯುತ್ತೇವೆ. 2023ರ ಬರದಲ್ಲಿ ನಾಲೆಯ ಕೊನೆಯವರಾದ ನಮಗೆ ನೀರೇ ಬರಲಿಲ್ಲ. ಪಕ್ಕದ ಗದ್ದೆಯವರಿಗೆ ಬೆಳೆ ಪರಿಹಾರ ಬಂತು. ನಾವು ಮಾಡಿದ ಗದ್ದೆಯ ಪರಿಹಾರ ಮೈಸೂರಿನಲ್ಲಿರುವ ಜಮೀನಿನ ಯಜಮಾನರ ಖಾತೆಗೆ ಹೋಯಿತು. ಆಗ ಬಿದ್ದ ಸಾಲದಿಂದ ಇನ್ನೂ ಎದ್ದಿಲ್ಲ. ನನ್ನ ಹೆಸರಿನಲ್ಲಿ ಎರಡು ಕಿರುಸಾಲ, ನಮ್ಮ ಯಜಮಾನರ ಹೆಸರಿನಲ್ಲಿ ಕೈಸಾಲ. ಎರಡು ತಿಂಗಳಿಂದ ಅವರಿಗೆ ನಿದ್ದೆ ಇಲ್ಲ, ಊಟ ಸೇರುವುದಿಲ್ಲ. ‘ನಾನಿದ್ದು ಯಾರಿಗೇನು ಪ್ರಯೋಜನ’ ಎನ್ನುತ್ತಾರೆ. ಆಸ್ಪತ್ರೆಗೆ ಕರೆದರೆ, ‘ನನ್ನ ಕಾಯಿಲೆ ಸಾಲ, ಅದಕ್ಕೆ ಗುಳಿಗೆ ಇದೆಯೇ’ ಎಂದು ಕೇಳುತ್ತಾರೆ. ಏನು ಮಾಡಲಿ ಡಾಕ್ಟರೇ?

ಉತ್ತರ: ನಿಮ್ಮ ಯಜಮಾನರು ಕೇಳಿದ್ದರಲ್ಲಿ ತಪ್ಪಿಲ್ಲ ಅಮ್ಮ. ಸಾಲಕ್ಕೆ ಗುಳಿಗೆ ಇಲ್ಲ. ಆದರೆ ಎರಡು ತಿಂಗಳು ನಿದ್ದೆಗೆಟ್ಟವರಿಗೆ ಸಾಲದ ಲೆಕ್ಕ ಹಾಕುವ ಶಕ್ತಿಯೂ ಉಳಿದಿರುವುದಿಲ್ಲ. ಇರುವ ದಾರಿಗಳು ಅವರ ಕಣ್ಣಿಗೆ ಬೀಳುವುದಿಲ್ಲ. ಆದ್ದರಿಂದ ಚಿಕಿತ್ಸೆ ಮತ್ತು ಸಾಲದ ವ್ಯವಹಾರ ಎರಡನ್ನೂ ಒಂದೇ ವಾರದಲ್ಲಿ ಕೈಗೆತ್ತಿಕೊಳ್ಳಿ. ಒಂದು ಮುಗಿದ ಮೇಲೆ ಇನ್ನೊಂದು ಎಂದು ಕಾಯಬೇಡಿ.

ಇವತ್ತೇ ಮಾಡಬೇಕಾದ ಕೆಲಸವೊಂದಿದೆ. ‘ಸಾಯಬೇಕು ಅನ್ನಿಸುತ್ತಿದೆಯೇ?’ ಎಂದು ಅವರನ್ನು ನೇರವಾಗಿ ಕೇಳಿ. ಕೇಳಿದರೆ ಇಲ್ಲದ ಯೋಚನೆ ತಲೆಗೆ ಬರುತ್ತದೆ ಎಂಬ ಹೆದರಿಕೆ ಬೇಡ, ಹಾಗಾಗುವುದಿಲ್ಲ. ಕೇಳುವವರಿದ್ದಾರೆ ಎಂದು ತಿಳಿದಾಗ ಹೆಚ್ಚಿನವರು ಮಾತಾಡುತ್ತಾರೆ. ಹೌದು ಎಂದರೆ ಅವರನ್ನು ಒಂಟಿಯಾಗಿ ಬಿಡಬೇಡಿ. ಬೆಳೆಗೆ ಹೊಡೆಯುವ ಔಷಧಿ ಮನೆಯಲ್ಲಿದ್ದರೆ ಇಂದೇ ಬೇರೆಯವರ ಮನೆಗೆ ಸಾಗಿಸಿ. ಮಂಡ್ಯದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಆಸ್ಪತ್ರೆಗೆ ಯಾವ ಹೊತ್ತಿನಲ್ಲಾದರೂ ಕರೆದುಕೊಂಡು ಬನ್ನಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಎನ್ನದೆ ಕರೆ ಮಾಡಬಹುದು. ಶುಲ್ಕವಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಅವರು ಮಾಡದಿದ್ದರೆ ನೀವೇ ಮಾಡಿ. ತುರ್ತು ಇಲ್ಲವೆನ್ನಿಸಿದರೂ ಮುಂದಿನ ಮಂಗಳವಾರ ದಾಟಿಸಬೇಡಿ. ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋವೈದ್ಯರ ತಪಾಸಣೆಗೆ ಗೊತ್ತುಮಾಡಿರುವ ದಿನ ಅದು.

ಖರ್ಚಿನ ಮಾತು ಬಂದರೆ ಅವರಿಗೆ ಇದನ್ನು ಹೇಳಿ: 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ಬಡತನ ರೇಖೆಗಿಂತ ಕೆಳಗಿರುವವರಿಗೆ ಸರ್ಕಾರಿ ವ್ಯವಸ್ಥೆಯಲ್ಲಿ ಈ ಚಿಕಿತ್ಸೆ ಉಚಿತ, ಕೈಯಲ್ಲಿ ಬಿಪಿಎಲ್ ಕಾರ್ಡ್ ಇರಲಿ, ಇಲ್ಲದಿರಲಿ. ಬಡವನಿಗೆ ಕಾರ್ಡ್ ಇಲ್ಲದಿರಬಹುದು ಎಂಬುದನ್ನು ಊಹಿಸಿ ಬರೆದ ಕಾನೂನು ನಮ್ಮಲ್ಲಿ ಅಪರೂಪ.

ಇನ್ನು ಸಾಲ. ಒಂದು ನೋಟ್‌ಬುಕ್ಕಿನಲ್ಲಿ ಯಾರಿಗೆ, ಎಷ್ಟು, ಬಡ್ಡಿ ಏನು, ಕಂತು ಯಾವ ದಿನ ಎಂದು ನೀವೇ ಬರೆಯಿರಿ. ಅವರ ಕೈಯಲ್ಲಿ ಬರೆಸಬೇಡಿ. ಕಿರುಸಾಲಕ್ಕೆ ರಿಸರ್ವ್ ಬ್ಯಾಂಕ್ 2022ರಲ್ಲಿ ನಿಯಮ ಮಾಡಿದೆ. ಒಂದು ಮನೆಯ ಎಲ್ಲ ಸಾಲದ ಕಂತುಗಳೂ ಸೇರಿ ತಿಂಗಳ ವರಮಾನದ ಅರ್ಧವನ್ನು ಮೀರುವಂತೆ ಸಾಲ ಕೊಡಬಾರದು. ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ವಸೂಲಿಗೆ ಕರೆ ಮಾಡುವಂತಿಲ್ಲ. ವಸೂಲಿ ನಡೆಯಬೇಕಾದದ್ದು ಇಬ್ಬರೂ ಒಪ್ಪಿದ ಜಾಗದಲ್ಲಿ. ಸತತ ಎರಡು ಸಲವಾದರೂ ನೀವು ಅಲ್ಲಿಗೆ ಹೋಗದಿದ್ದರೆ ಮಾತ್ರ ಮನೆ ಬಾಗಿಲಿಗೆ ಬರಬಹುದು. ಬಂದು ಪಾತ್ರೆ ಎತ್ತುವುದು, ಬೀದಿಯಲ್ಲಿ ನಿಂತು ಕೂಗುವುದು ಅಪರಾಧ. 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆಯಾಗಿ ಬಂದು ಬಳಿಕ ಕಾಯ್ದೆಯಾದ ರಾಜ್ಯದ ಕಾನೂನಿನಲ್ಲಿ ಬಲವಂತದ ವಸೂಲಿಗೆ ಹತ್ತು ವರ್ಷದವರೆಗೆ ಸೆರೆವಾಸ, 5 ಲಕ್ಷ ರೂಪಾಯಿವರೆಗೆ ದಂಡವಿದೆ. ಆದರೆ ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿತವಾದ ಸಂಸ್ಥೆಯ ಸಾಲ ಈ ಕಾನೂನಿನಿಂದ ಮನ್ನಾ ಆಗುವುದಿಲ್ಲ. ಕಿರುಕುಳ ತಪ್ಪುತ್ತದೆ, ಕಂತು ತಪ್ಪುವುದಿಲ್ಲ. ಕಂತಿನ ಅವಧಿ ಹೆಚ್ಚಿಸಿಕೊಡಿ ಎಂದು ಬರವಣಿಗೆಯಲ್ಲೇ ಕೇಳಿ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಮಹಿಳೆಯರಿಗೆ, ವರಮಾನ ಎಷ್ಟೇ ಇರಲಿ, ವಕೀಲರ ನೆರವು ಉಚಿತ. ಸಹಾಯವಾಣಿ 15100. ಆ ಅರ್ಜಿಯನ್ನು ಅವರೇ ಬರೆದುಕೊಡುತ್ತಾರೆ.

ಪಕ್ಕದ ಗದ್ದೆಯವರಿಗೆ ಬಂದ ಪರಿಹಾರದ ವಿಷಯವನ್ನು ನೀವು ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋಗಿದ್ದೀರಿ. ನನ್ನ ದೃಷ್ಟಿಯಲ್ಲಿ ನಿಮ್ಮ ಯಜಮಾನರ ಎದೆಯಲ್ಲಿ ಕೂತಿರುವುದು ಅದೇ. ಊರಿಗೆಲ್ಲ ಬರ ಬಂದಾಗ ಮನುಷ್ಯ ತಡೆದುಕೊಳ್ಳುತ್ತಾನೆ. ಒಂದೇ ಬಿಸಿಲಿಗೆ ಒಣಗಿದ ಎರಡು ಗದ್ದೆಗಳಲ್ಲಿ ಒಂದಕ್ಕೆ ಪರಿಹಾರ ಬಂದು ಇನ್ನೊಂದನ್ನು ಉತ್ತವನಿಗೆ ಬರದಿದ್ದಾಗ, ಅವನು ಸರ್ಕಾರವನ್ನು ಬೈಯುವುದನ್ನು ಬಿಟ್ಟು ತನ್ನನ್ನೇ ಬೈದುಕೊಳ್ಳತೊಡಗುತ್ತಾನೆ. ವಾರಕ್ಕೆ ಗದ್ದೆ ಮಾಡುವ ರೈತರು ನನ್ನ ಬಳಿ ಬಂದಾಗ ಅವರಲ್ಲಿ ಹಲವರ ಮಾತು ಸಾಲದಿಂದ ಶುರುವಾಗಿ ಇಲ್ಲಿಗೇ ಬಂದು ನಿಲ್ಲುತ್ತದೆ.

ಇದು ಅವರ ಅಸಾಮರ್ಥ್ಯವಲ್ಲ ಎಂದು ಅವರಿಗೆ ಬಿಡಿಸಿ ಹೇಳಬೇಕು. ಕರ್ನಾಟಕದ ಭೂಸುಧಾರಣಾ ಕಾಯ್ದೆ 1974ರಲ್ಲಿ ತಿದ್ದುಪಡಿಯಾದಾಗ ಜಮೀನನ್ನು ಗೇಣಿಗೆ ಕೊಡುವುದನ್ನೇ ಬಹುಪಾಲು ನಿಷೇಧಿಸಿತು. ಉಳುವವನೇ ಒಡೆಯನಾಗಲಿ ಎಂಬ ಒಳ್ಳೆಯ ಉದ್ದೇಶ. ಲಕ್ಷಾಂತರ ಗೇಣಿದಾರರು ಅದರಿಂದ ಒಡೆಯರಾದದ್ದೂ ನಿಜ. ಆದರೆ ಅಂದಿನಿಂದ ವಾರ, ಗುತ್ತಿಗೆಗಳೆಲ್ಲ ಬಾಯಿಮಾತಿಗೆ ಇಳಿದವು. ಬಾಯಿಮಾತು ಪಹಣಿಯಲ್ಲಿ ಕಾಣುವುದಿಲ್ಲ. ಪಹಣಿಯಲ್ಲಿ ಇಲ್ಲದವನು ರೈತರ ನೋಂದಣಿಯ ‘ಫ್ರೂಟ್ಸ್’ ದಾಖಲೆಯಲ್ಲಿಲ್ಲ, ಬರ ಪರಿಹಾರದ ಪಟ್ಟಿಯಲ್ಲಿಲ್ಲ, ಪಿಎಂ ಕಿಸಾನ್‌ನ ವರ್ಷದ 6000 ರೂಪಾಯಿಗೂ ಇಲ್ಲ. ಗೇಣಿದಾರನನ್ನು ಕಾಪಾಡಲು ಬಂದ ಕಾನೂನಿನ ನೆರಳಿನಲ್ಲೇ ಇಂದಿನ ಗೇಣಿದಾರ ಕಾಣದಂತಾದ. ಐವತ್ತು ವರ್ಷ ಕಳೆದರೂ ಇದನ್ನು ಸರಿಪಡಿಸುವ ಧೈರ್ಯ ಯಾವ ಪಕ್ಷಕ್ಕೂ ಬಂದಿಲ್ಲ.

ನಿಮ್ಮ ಕೈಯಲ್ಲಿರುವುದು ಎರಡು. ಹತ್ತು ಗುಂಟೆಗೆ ಪೌತಿ ಖಾತೆ ಮಾಡಿಸಿ, ಅಂದರೆ ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾಯಿಸಿಕೊಳ್ಳಿ. ಗ್ರಾಮ ಆಡಳಿತಾಧಿಕಾರಿಯನ್ನು ಕಂಡು ವಂಶವೃಕ್ಷ, ಮರಣ ಪ್ರಮಾಣಪತ್ರದಿಂದ ಆರಂಭಿಸಿ. ಹತ್ತೇ ಗುಂಟೆಯಾದರೂ ಪಹಣಿಯಲ್ಲಿ ಅವರ ಹೆಸರು ಬಂದರೆ ಸರ್ಕಾರದ ಲೆಕ್ಕದಲ್ಲಿ ಅವರು ರೈತರು. ಎರಡನೆಯದು, ಮುಂದಿನ ಬೆಳೆಗೆ ಮುಂಚೆ ಊರಿನ ಹಿರಿಯರನ್ನು ಕೂರಿಸಿಕೊಂಡು ಜಮೀನಿನ ಯಜಮಾನರ ಜೊತೆ ಮಾತಾಡಿ: ಪರಿಹಾರ ಬಂದರೆ ಉತ್ತವರಿಗೆ ಎಷ್ಟು? ಕಾನೂನಿನಲ್ಲಿ ಇದಕ್ಕೆ ಬೆಲೆ ಇಲ್ಲ. ಊರಿನಲ್ಲಿ ಕೆಲವೊಮ್ಮೆ ಇದೆ.

ಇನ್ನೊಂದು ವಿಷಯವನ್ನು ಬರೆಯಲೇಬೇಕು. ‘ನಾನು ಹೋದರೆ ಪರಿಹಾರ ಬಂದು ನಿಮ್ಮ ಸಾಲ ತೀರುತ್ತದೆ’ ಎಂದು ಅವರು ಎಂದಾದರೂ ಅಂದರೆ, ಆ ಲೆಕ್ಕ ಸುಳ್ಳೆಂದು ಮುಖಕ್ಕೆ ಹೇಳಿ. ಬದುಕಿದ್ದಾಗ ಕೇಳಿದ ಪಹಣಿಯನ್ನೇ ಆಗಲೂ ಕೇಳುತ್ತಾರೆ, ಕೈಸಾಲವನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ನಿಮ್ಮ ಹೆಸರಿನ ಕಿರುಸಾಲ ನಿಮ್ಮ ತಲೆಯ ಮೇಲೇ ಇರುತ್ತದೆ. ಅಂಥ ಮಾತು ಬಂದ ದಿನವೇ ಆಸ್ಪತ್ರೆಗೆ ಕರೆತನ್ನಿ.

ಪ್ರಶ್ನೆ: ನಾನು ಮೈಸೂರಿನ ಕುವೆಂಪುನಗರದ ನಿವೃತ್ತ ಸರ್ಕಾರಿ ಅಧಿಕಾರಿ. ಅಕ್ಕಿ ಉಚಿತ, ಮಹಿಳೆಯರಿಗೆ ಬಸ್ ಉಚಿತ, ಮನೆಯೊಡತಿಗೆ ತಿಂಗಳಿಗೆ 2000 ರೂಪಾಯಿ. ಆದರೂ ಜನ ಹತಾಶರಾಗುತ್ತಾರೆಂದರೆ ದೋಷ ಮನಸ್ಸಿನಲ್ಲಿದೆ, ಜೇಬಿನಲ್ಲಲ್ಲ. ನಮ್ಮ ಕಾಲದಲ್ಲಿ ಬಡತನ ಇರಲಿಲ್ಲವೇ?

ಉತ್ತರ: ಇತ್ತು ಸ್ವಾಮಿ. ಜೀತವೂ ಇತ್ತು, ಅದನ್ನು ರದ್ದುಪಡಿಸುವ ಕಾಯ್ದೆ ಬಂದದ್ದು 1976ರಲ್ಲಿ. ಆಗ ಯಾರೂ ಹತಾಶರಾಗಲಿಲ್ಲ ಎಂದು ಹೇಳುವವರು ಸಾಮಾನ್ಯವಾಗಿ ಜೀತಕ್ಕಿದ್ದವರಲ್ಲ.

ನಿಮ್ಮ ಪಿಂಚಣಿ ತಿಂಗಳು ತಪ್ಪದೆ ಬರುತ್ತದೆ, ಬೆಲೆ ಏರಿದಂತೆ ತುಟ್ಟಿಭತ್ಯೆಯೂ ಏರುತ್ತದೆ. ಬಡ ವೃದ್ಧರ ಪಿಂಚಣಿಯಲ್ಲಿ ಕೇಂದ್ರ ಸರ್ಕಾರದ ಪಾಲು 60ರಿಂದ 79 ವರ್ಷದವರಿಗೆ ತಿಂಗಳಿಗೆ 200 ರೂಪಾಯಿ. 2007ರಿಂದ ಅದು ಒಂದು ರೂಪಾಯಿಯೂ ಹೆಚ್ಚಿಲ್ಲ. ರಾಜ್ಯ ತನ್ನ ಹಣ ಸೇರಿಸುವುದರಿಂದ ಕೈಗೆ ಅದಕ್ಕಿಂತ ಹೆಚ್ಚು ಬರುತ್ತದೆ, ನಿಜ. ಆದರೂ ಎರಡೂ ಸಾಮಾಜಿಕ ಭದ್ರತೆಯೇ ಆಗಿರುವಾಗ ಒಂದನ್ನು ಹಕ್ಕೆಂದೂ ಇನ್ನೊಂದನ್ನು ಬಿಟ್ಟಿಯೆಂದೂ ಏಕೆ ಕರೆಯುತ್ತೇವೆ?

ಜೇಬಿಗೂ ಜೀವಕ್ಕೂ ನಂಟಿಲ್ಲ ಎಂಬುದನ್ನು ಅಂಕಿಅಂಶಗಳು ಒಪ್ಪುವುದಿಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಲೆಕ್ಕದಲ್ಲಿ 2022ರಲ್ಲಿ ದೇಶದಲ್ಲಿ ಆತ್ಮಹತ್ಯೆಯಿಂದ ತೀರಿಕೊಂಡವರು 1,70,924 ಮಂದಿ. ಅವರಲ್ಲಿ ಸುಮಾರು ಮೂರನೇ ಎರಡು ಭಾಗದವರ ವಾರ್ಷಿಕ ವರಮಾನ ಒಂದು ಲಕ್ಷ ರೂಪಾಯಿಗಿಂತ ಕಡಿಮೆ. ಅತಿ ದೊಡ್ಡ ಗುಂಪು ದಿನಗೂಲಿಗಳದ್ದು, ಶೇ 26ಕ್ಕೂ ಹೆಚ್ಚು. ಇಂಡೊನೇಷ್ಯಾದಲ್ಲಿ ಬಡ ಕುಟುಂಬಗಳಿಗೆ ನಗದು ಕೊಡುವ ಯೋಜನೆ ಹಂತಹಂತವಾಗಿ ಜಾರಿಯಾದಾಗ ಸಂಶೋಧಕರು ಹೋಲಿಸಿ ನೋಡಿದರು: ಹಣ ತಲುಪಿದ ಕಡೆ ಆತ್ಮಹತ್ಯೆಗಳು ಸುಮಾರು ಶೇ 18ರಷ್ಟು ಇಳಿದವು. ಮಳೆ ಕೈಕೊಟ್ಟ ವರ್ಷಗಳಲ್ಲಿ ರೈತರ ಮೇಲೆ ಬೀಳುವ ಪೆಟ್ಟನ್ನೂ ಆ ಹಣ ಮೃದುಗೊಳಿಸಿತು. ಮನಸ್ಸನ್ನು ದುರ್ಬಲಗೊಳಿಸುವ ಹಣ ಹೀಗೆ ಕೆಲಸ ಮಾಡುವುದಿಲ್ಲ.

ನಿಮ್ಮ ಮಾತಿನಲ್ಲಿ ಅರ್ಧ ಸತ್ಯವಿದೆ. ಅಕ್ಕಿ ಕೊಟ್ಟರೆ ಹಸಿವು ಹೋಗುತ್ತದೆ, ಮಗ ಕೆಲಸವಿಲ್ಲದೆ ಕೂತಿರುವ ಸಂಕಟ ಹೋಗುವುದಿಲ್ಲ. ಕುಡಿತವಿರುವ ಮನೆಯಲ್ಲಿ ಬಂದ ಹಣ ಎಲ್ಲಿ ಹೋಗುತ್ತದೆಂದು ನನಗೂ ಗೊತ್ತು. 2023ರ ಆಗಸ್ಟ್ 30ರಂದು ನಿಮ್ಮ ಮೈಸೂರಿನಲ್ಲೇ ಉದ್ಘಾಟನೆಯಾದ ಗೃಹಲಕ್ಷ್ಮಿಯ ಕಂತು ಎಷ್ಟೋ ಸಲ ತಿಂಗಳುಗಟ್ಟಲೆ ತಡವಾಗಿದೆ. ವಾರದ ಕಂತು ಕಟ್ಟುವ ಹೆಂಗಸಿಗೆ ಮೂರು ತಿಂಗಳ ನಂತರ ಒಟ್ಟಿಗೆ ಬರುವ 6000, ಪ್ರತಿ ತಿಂಗಳೂ ಬರುವ 2000ಕ್ಕೆ ಸಮವಲ್ಲ. ಅಷ್ಟರಲ್ಲಿ ಅವಳು ಇನ್ನೊಂದು ಸಾಲ ಮಾಡಿರುತ್ತಾಳೆ. ಆದಾಯ ಚಿಕ್ಕದು ಎಂಬುದಕ್ಕಿಂತ ಅದು ಯಾವಾಗ ಬರುತ್ತದೆಂದು ತಿಳಿಯದಿರುವುದೇ ಹೆಚ್ಚು ಜನರ ನಿದ್ದೆ ಕೆಡಿಸುತ್ತದೆ.

ಪ್ರಶ್ನೆ: ಶ್ರೀರಂಗಪಟ್ಟಣ ಕಡೆಯವನು. ಕಳೆದ ತಿಂಗಳು ನಮ್ಮಣ್ಣ ಜೀವ ಕಳೆದುಕೊಳ್ಳಲು ಯತ್ನಿಸಿ ಉಳಿದುಕೊಂಡ. ಪೊಲೀಸ್ ಪ್ರಕರಣವಾಗುತ್ತದೆ, ಕೆಲಸ ಹೋಗುತ್ತದೆ ಎಂದು ಹೆದರಿ ಮತ್ತೆ ಆಸ್ಪತ್ರೆಗೆ ಹೋಗುತ್ತಿಲ್ಲ. ಮೈಸೂರಿನ ಕಾರ್ಖಾನೆಯೊಂದರಲ್ಲಿ ಗುತ್ತಿಗೆ ಕಾರ್ಮಿಕ, ಸಂಬಳ 17,000.

ಉತ್ತರ: ಇಂಥ ಯತ್ನವನ್ನು ಶಿಕ್ಷಿಸುತ್ತಿದ್ದ ಹಳೆಯ ದಂಡ ಸಂಹಿತೆಯ 309ನೇ ಕಲಮು, 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಇಲ್ಲ. ಮಾನಸಿಕ ಆರೋಗ್ಯ ಕಾಯ್ದೆಯಂತೂ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಿ, ಅವರ ಆರೈಕೆಯ ಹೊಣೆಯನ್ನು ಸರ್ಕಾರದ ಮೇಲೆ ಹಾಕಿದೆ. ಆಸ್ಪತ್ರೆಯವರು ಠಾಣೆಗೆ ಮಾಹಿತಿ ಕೊಡುವುದು ವಾಡಿಕೆ, ಅದರಿಂದ ಅಣ್ಣ ಆರೋಪಿಯಾಗುವುದಿಲ್ಲ. ಯತ್ನದ ನಂತರದ ಮೊದಲ ಕೆಲವು ತಿಂಗಳು ಅತ್ಯಂತ ಎಚ್ಚರದಿಂದ ಇರಬೇಕಾದ ಕಾಲ, ಆದ್ದರಿಂದ ಈ ವಾರವೇ ಕರೆದೊಯ್ಯಿರಿ.

ಸಂಬಳ 21,000ದ ಒಳಗಿರುವುದರಿಂದ ಗುತ್ತಿಗೆ ಕಾರ್ಮಿಕನಾದರೂ ಅವನಿಗೆ ಇಎಸ್‌ಐ (ನೌಕರರ ರಾಜ್ಯ ವಿಮೆ) ಇರಲೇಬೇಕು. ಅಗತ್ಯವಿರುವಷ್ಟು ದಿನ ವಂತಿಗೆ ಕಟ್ಟಿದ್ದರೆ, ವೈದ್ಯರು ರಜೆ ಬರೆದ ದಿನಗಳಿಗೆ ವರ್ಷದಲ್ಲಿ 91 ದಿನದವರೆಗೆ ಕೂಲಿಯ ಶೇ 70ರಷ್ಟು ಹಣ ಸಿಗುತ್ತದೆ. ಗಾರೆ ಕೆಲಸದವನಿಗೆ, ಮನೆಗೆಲಸದವಳಿಗೆ ಈ ಭಾಗ್ಯವಿಲ್ಲ. ಅಣ್ಣನಿಗೆ ಇರುವಾಗ ಬಿಡಬೇಡಿ. ಸಂಬಳ ಚೀಟಿಯಲ್ಲಿ ಇಎಸ್‌ಐ ಸಂಖ್ಯೆ ನೋಡಿಕೊಂಡು ಮೈಸೂರಿನ ಇಎಸ್‌ಐ ಆಸ್ಪತ್ರೆಗೆ ಹೋಗಿ. ಸಂಬಳದಲ್ಲಿ ಹಣ ಹಿಡಿದಿದ್ದಾರೆ, ಆದರೆ ಸಂಖ್ಯೆ ಇಲ್ಲ ಎಂದಾದರೆ ಗುತ್ತಿಗೆದಾರ ಕಟ್ಟಿರುವುದು ಅನುಮಾನ. ಆಗ ಇಎಸ್‌ಐ ನಿಗಮದ ಕಚೇರಿಗೆ ದೂರು ಕೊಡಿ. ಗುತ್ತಿಗೆದಾರ ಕಟ್ಟದಿದ್ದರೆ ಕಟ್ಟಬೇಕಾದವರು ಕಾರ್ಖಾನೆಯ ಮಾಲೀಕರೇ.