ಚಾಕು ಮಾಡಿಸುವಾಗ ಅಂದಕ್ಕಿಂತ ಮೊದಲು ಹದ ಕೇಳಿ

ಬೆಂಗಳೂರಿನಲ್ಲಿ ಯಾರಿಂದಲಾದರೂ ಕೈಯಲ್ಲೇ ಚಾಕು ಮಾಡಿಸಬೇಕು, ಅದಕ್ಕೊಪ್ಪುವ ಚರ್ಮದ ಒರೆಯೂ ಬೇಕು, ಚಾರಣಕ್ಕೂ ಊರಿನ ತೋಟಕ್ಕೂ ಆಗಬೇಕು, ಡಮಾಸ್ಕಸ್ ಅಲಗು, ಜಿಂಕೆ ಕೊಂಬಿನ ಹಿಡಿ ಇದ್ದರೆ ಹೇಗೆ ಎಂದು ಕೇಳಿದ್ದೀರಿ.

ಕೊಂಬಿನ ಆಸೆ ಈಗಲೇ ಬಿಡಿ. ಜಿಂಕೆ, ಕಡವೆ ಕೊಂಬುಗಳ ವ್ಯಾಪಾರ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಬೀಟೆ ಮರದ ಹಿಡಿ ಸಾಕು, ನನ್ನ ಕಣ್ಣಿಗೆ ಅದೇ ಚೆಂದ. ಡಮಾಸ್ಕಸ್ ಎಂದು ಈಗ ಮಾರುವುದು ಎರಡು ಬಗೆಯ ಉಕ್ಕನ್ನು ಪದರಪದರವಾಗಿ ಬೆಸೆದು, ಆಮ್ಲದಲ್ಲಿ ಅದ್ದಿ ಅಲೆಗಳನ್ನು ಮೂಡಿಸಿದ ಅಲಗು. ಆ ಅಲೆಗಳಿಂದ ಈರುಳ್ಳಿ ಹೆಚ್ಚು ಸಲೀಸಾಗಿ ಕತ್ತರಿಸುವುದಿಲ್ಲ. ಮೊದಲ ಚಾಕುವಿಗೆ ಆ ಹಣವನ್ನು ಒಳ್ಳೆಯ ಹದಕ್ಕೆ, ಅಂದರೆ ಉಕ್ಕನ್ನು ಕಾಯಿಸಿ ತಣಿಸಿ ಬೇಕಾದ ಗಡಸು ತರುವ ಕೆಲಸಕ್ಕೆ ಕೊಡಿ.

ಮಾಡುವವರನ್ನು ಕೇಳಬೇಕಾದದ್ದೂ ಅದನ್ನೇ: ಉಕ್ಕಿಗೆ ಹದ ಹೇಗೆ ಕೊಡುತ್ತೀರಿ? 1095ರಂಥ ಸಾದಾ ಕಾರ್ಬನ್ ಉಕ್ಕನ್ನು ಸುಮಾರು 800 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ ಎಣ್ಣೆಯಲ್ಲಿ ಅದ್ದುತ್ತಾರೆ. ಆಗ ಅದು ಗಾಜಿನಷ್ಟು ಪೆಡಸಾಗಿರುತ್ತದೆ, ಕೈಜಾರಿ ಬಿದ್ದರೂ ಒಡೆಯಬಹುದು. ಮತ್ತೆ 200 ಡಿಗ್ರಿಯ ಆಸುಪಾಸಿನಲ್ಲಿ ಒಂದೆರಡು ಗಂಟೆ ಇಟ್ಟರೆ ಆ ಪೆಡಸು ಇಳಿಯುತ್ತದೆ. ಗಡಸುತನ ರಾಕ್‌ವೆಲ್ ಅಳತೆಯಲ್ಲಿ 58ರ ಹತ್ತಿರ ನಿಂತರೆ ತೋಟಕ್ಕೆ ಸರಿ. ತೀರಾ ಹೆಚ್ಚಾದರೆ ಹರಿತವೇನೋ ಉಳಿಯುತ್ತದೆ, ಆದರೆ ತೆಂಗಿನ ಚಿಪ್ಪಿಗೆ ತಾಗಿದಾಗ ಬಾಯಿ ಚಕ್ಕೆ ಏಳುತ್ತದೆ. ಸುಲಭವಾಗಿ ತುಕ್ಕು ಹಿಡಿಯದ 440ಸಿ ಉಕ್ಕು ಬೇಕೆಂದರೆ 1000 ಡಿಗ್ರಿಗಿಂತ ಹೆಚ್ಚು ಶಾಖವನ್ನು ಏರಿಳಿತವಿಲ್ಲದೆ ಹಿಡಿದಿಡಬೇಕು. ಇದ್ದಿಲ ಕುಲುಮೆಯ ಮುಂದೆ ಬಣ್ಣ ನೋಡಿ ಮಾಡುವ ಕೆಲಸ ಅದಲ್ಲ. ವಿದ್ಯುತ್ ಕುಲುಮೆ ಇಲ್ಲದವರು ಪೀಣ್ಯದಂಥ ಕೈಗಾರಿಕಾ ಪ್ರದೇಶದ ಘಟಕಗಳಿಗೆ ಕಳುಹಿಸಿ ಹದ ಮಾಡಿಸಬೇಕಾಗುತ್ತದೆ. ಹಾಗೆಂದು ಕಣ್ಣಳತೆಯ ಕಮ್ಮಾರರನ್ನು ಹಗುರವಾಗಿ ಕಾಣಬೇಡಿ. ಲಾರಿ ಸ್ಪ್ರಿಂಗ್ ಪಟ್ಟಿಯಿಂದ ಮಚ್ಚು ಮಾಡಿ ಕೈ ಪಳಗಿದವರಿಗೆ ಆ ಉಕ್ಕಿನ ಗುಣ ಚೆನ್ನಾಗಿ ಗೊತ್ತು.

ಅಲಗು ನಾಲ್ಕು ಅಂಗುಲ, ಬೆನ್ನಿನ ದಪ್ಪ ಮೂರು ಮಿಲಿಮೀಟರ್ ಇದ್ದರೆ ನೀವು ಹೇಳಿದ ಎಲ್ಲ ಕೆಲಸ ನಡೆಯುತ್ತದೆ. ಉಕ್ಕು ಹಿಡಿಯ ತುದಿಯವರೆಗೂ ಹೋಗಿರಲಿ. ಮನೆ, ಕೃಷಿ, ಕೈಗಾರಿಕೆಗಳಿಗಾಗಿ ರೂಪಿಸಿದ್ದಲ್ಲದ, 9 ಅಂಗುಲಕ್ಕಿಂತ ಉದ್ದ ಅಥವಾ 2 ಅಂಗುಲಕ್ಕಿಂತ ಅಗಲ ಇರುವ ಅಲಗುಗಳನ್ನು ಶಸ್ತ್ರಾಸ್ತ್ರ ನಿಯಮಗಳು ಆಯುಧವೆಂದು ಪರಿಗಣಿಸುತ್ತವೆ. ಚಾರಣದ ವಿಷಯದಲ್ಲಿ ಇನ್ನೊಂದು ತೊಡಕಿದೆ. ವನ್ಯಜೀವಿ ಕಾಯ್ದೆಯ ‘ಆಯುಧ’ದ ವ್ಯಾಖ್ಯೆಯಲ್ಲಿ ಚಾಕುವೂ ಸೇರಿದೆ, ಲಿಖಿತ ಅನುಮತಿ ಇಲ್ಲದೆ ಆಯುಧದೊಂದಿಗೆ ಅಭಯಾರಣ್ಯ ಪ್ರವೇಶಿಸುವಂತಿಲ್ಲ. ಕುಮಾರಪರ್ವತ ಇರುವುದು ಪುಷ್ಪಗಿರಿ ವನ್ಯಜೀವಿಧಾಮದೊಳಗೆ. ಆದ್ದರಿಂದ ಇದು ತೋಟದ ಚಾಕು ಎಂದುಕೊಂಡೇ ಮಾಡಿಸಿ.

ಒರೆಯನ್ನು ಚಾಕು ಪೂರ್ತಿ ಮುಗಿದ ಮೇಲೆ, ಅದನ್ನೇ ಇಟ್ಟು ಅಳತೆ ತೆಗೆದು ಮಾಡಬೇಕು. ನಕ್ಷೆ ನೋಡಿ ಮೊದಲೇ ಹೊಲಿದ ಒರೆ ಸಡಿಲವಾಗುತ್ತದೆ, ಇಲ್ಲವೇ ಕಚ್ಚಿ ಹಿಡಿಯುತ್ತದೆ. ಚರ್ಮ ಅಳಲೆಕಾಯಿ, ತೊಗಟೆಗಳಂಥ ಸಸ್ಯಮೂಲದಿಂದ ಹದ ಮಾಡಿದ್ದಾಗಿರಲಿ, ಮೂರು ಮಿಲಿಮೀಟರ್‌ನಷ್ಟು ದಪ್ಪವಿರಲಿ. ಒದ್ದೆ ಮಾಡಿ ಚಾಕುವಿನ ಆಕಾರಕ್ಕೆ ಒತ್ತಿ ಒಣಗಿಸಿದರೆ ಅದು ಹಾಗೆಯೇ ನಿಲ್ಲುತ್ತದೆ. ಜಾಕೆಟ್, ಕೈಚೀಲಗಳಿಗೆ ಬಳಸುವ, ಕ್ರೋಮಿಯಂ ಲವಣಗಳಿಂದ ಹದ ಮಾಡಿದ ಕ್ರೋಮ್ ಚರ್ಮ ಮೆತ್ತಗೆ, ಜೊತೆಗೆ ಅದರಲ್ಲಿ ಉಳಿದ ಲವಣಗಳು ಉಕ್ಕಿಗೆ ತುಕ್ಕು ಹಿಡಿಸಬಹುದು. ಅಲಗಿನ ಬಾಯಿ ಬರುವ ಅಂಚಿನಲ್ಲಿ, ಎರಡು ಪದರಗಳ ನಡುವೆ ಇನ್ನೊಂದು ಚರ್ಮದ ಪಟ್ಟಿ ಇದೆಯೇ ನೋಡಿ. ಅದಿಲ್ಲದಿದ್ದರೆ ಪ್ರತಿ ಸಲ ಚಾಕು ಒಳಹೋಗುವಾಗಲೂ ದಾರವನ್ನೇ ಕೊಯ್ಯುತ್ತದೆ. ಹೊಲಿಗೆ ಮೇಣದ ದಾರಕ್ಕೆ ಎರಡು ಸೂಜಿ ಕಟ್ಟಿ ಎರಡೂ ಕಡೆಯಿಂದ ಹಾಕಿದ್ದಾದರೆ, ಒಂದು ಕುಣಿಕೆ ಹರಿದರೂ ಉಳಿದವು ಬಿಚ್ಚಿಕೊಳ್ಳುವುದಿಲ್ಲ. ನೀವು ಎಡಗೈಯವರಾದರೆ ಮೊದಲೇ ಹೇಳಿ. ಎಷ್ಟೇ ಒಳ್ಳೆಯ ಒರೆಯಾದರೂ ಮಳೆಗಾಲದಲ್ಲಿ ಕಾರ್ಬನ್ ಉಕ್ಕಿನ ಚಾಕುವನ್ನು ಅದರೊಳಗೇ ಇಡಬೇಡಿ. ಚರ್ಮ ತೇವ ಹೀರುತ್ತದೆ. ಒರೆಸಿ, ತೆಳುವಾಗಿ ಎಣ್ಣೆ ಸವರಿ ಹೊರಗಿಡಿ.

ಮುಂಗಡ ಕೊಡುವ ಮುಂಚೆ ಉಕ್ಕಿನ ಹೆಸರು, ಗಡಸುತನ, ಚರ್ಮದ ಬಗೆ, ಮುಗಿಯುವ ದಿನ ಇಷ್ಟನ್ನು ಬರೆಸಿಕೊಳ್ಳಿ. ನಿಮ್ಮ ಅಂಗೈ ಅಳತೆ ಕೇಳದೆಯೇ ಬೆಲೆ ಹೇಳುವವರಾದರೆ ಬೇರೆಯವರನ್ನು ನೋಡಿ.