ಎಂಜಿನ್ ಆಯಿಲ್ ಚೆಲ್ಲಿದ ಮಣ್ಣನ್ನು ಅಣಬೆಯಿಂದ ಶುದ್ಧ ಮಾಡಬಹುದೇ?

ವಾಹನ ರಿಪೇರಿ ನಡೆಯುತ್ತಿದ್ದ ಜಾಗದಲ್ಲಿ ವರ್ಷಗಟ್ಟಲೆ ಡೀಸೆಲ್, ಹಳೆಯ ಎಂಜಿನ್ ಆಯಿಲ್ ಚೆಲ್ಲಿದೆ, ಚಿಪ್ಪು ಅಣಬೆಯ ಬೀಜ ತಂದು ಮಣ್ಣಿಗೆ ಬೆರೆಸಿದರೆ ಸಾಕೇ ಎಂದು ಕೇಳಿದ್ದೀರಿ. ಸಾಲದು. ಚಿಪ್ಪು ಅಣಬೆ ಮರದಲ್ಲಿ ಬೆಳೆಯುವ ಜೀವಿ, ಮಣ್ಣು ಅದರ ಮನೆಯಲ್ಲ. ಕಾಳಿನ ಮೇಲೆ ಬೆಳೆಸಿದ ಬೀಜವನ್ನು ನೇರವಾಗಿ ಮಣ್ಣಿಗೆ ಹಾಕಿದರೆ ಅಲ್ಲಿರುವ ಬ್ಯಾಕ್ಟೀರಿಯಾ ಮತ್ತು ಹಸಿರು ಬೂಷ್ಟು ಆ ಕಾಳನ್ನೇ ತಿಂದು ಮುಗಿಸುತ್ತವೆ. ಅಣಬೆಗೆ ಮೊದಲು ಅದರ ಊಟ, ಅಂದರೆ ಒಣ ಹುಲ್ಲು ಕೊಡಬೇಕು, ಆ ಊಟದ ಸಮೇತ ಮಣ್ಣಿಗೆ ಇಳಿಸಬೇಕು.

ಮರವನ್ನು ಗಟ್ಟಿಯಾಗಿಸುವ ಲಿಗ್ನಿನ್ ಒಂದೇ ಅಚ್ಚಿನ ಅಣುವಲ್ಲ, ಅಡ್ಡಾದಿಡ್ಡಿ ಹೆಣೆದುಕೊಂಡ ಉಂಗುರಗಳ ರಾಶಿ. ಅದನ್ನು ಒಡೆಯಲು ಚಿಪ್ಪು ಅಣಬೆಯಂಥ ಬಿಳಿ ಕೊಳೆ ಶಿಲೀಂಧ್ರಗಳು ಲ್ಯಾಕೇಸ್, ಮ್ಯಾಂಗನೀಸ್ ಪೆರಾಕ್ಸಿಡೇಸ್‌ನಂಥ ಕಿಣ್ವಗಳನ್ನು ತಮ್ಮ ಎಳೆಗಳಿಂದ ಹೊರಕ್ಕೆ ಸುರಿಸುತ್ತವೆ. ಈ ಕಿಣ್ವಗಳಿಗೆ ಇಂಥದ್ದೇ ಅಣು ಬೇಕೆಂಬ ಹಟವಿಲ್ಲ. ಹಾಗಾಗಿ ಉಂಗುರ ರಚನೆಯ ಮಾಲಿನ್ಯಕಾರಕಗಳೂ ಜೊತೆಯಲ್ಲೇ ಒಡೆಯುತ್ತವೆ. ಫ್ಯಾನರೊಕೀಟಿ ಕ್ರೈಸೊಸ್ಪೋರಿಯಂ ಎಂಬ ಶಿಲೀಂಧ್ರ ಡಿಡಿಟಿಯಂಥ ಹಟಮಾರಿ ರಾಸಾಯನಿಕಗಳನ್ನೂ ಒಡೆಯಬಲ್ಲದು ಎಂದು 1985ರಲ್ಲೇ ಪ್ರಕಟವಾಗಿದೆ. ಆದರೆ ಶಿಲೀಂಧ್ರ ವಿಷ ತಿಂದು ಬದುಕುವುದಿಲ್ಲ, ಹುಲ್ಲು ತಿನ್ನುತ್ತಾ ವಿಷವನ್ನು ಒಡೆಯುತ್ತದೆ. ಹುಲ್ಲು ಮುಗಿದರೆ ಕೆಲಸವೂ ನಿಂತಂತೆ.

ಬೀಜ ಕೊಳ್ಳುವ ಮುನ್ನ ಮಣ್ಣಿನಲ್ಲಿ ಏನಿದೆ ಎಂದು ಲ್ಯಾಬಿನಲ್ಲಿ ತಿಳಿದುಕೊಳ್ಳಿ. ಬರೀ ಡೀಸೆಲ್ ಆಗಿದ್ದರೆ ಅಣಬೆಯ ಗೋಜಿಗೇ ಹೋಗಬೇಡಿ. ಅದರ ನೇರ ಸರಪಳಿಯ ಹೈಡ್ರೋಕಾರ್ಬನ್‌ಗಳನ್ನು ಮಣ್ಣಿನ ಬ್ಯಾಕ್ಟೀರಿಯಾಗಳೇ ಚೆನ್ನಾಗಿ ತಿನ್ನುತ್ತವೆ. ಗಾಳಿ, ತೇವ, ಸ್ವಲ್ಪ ಸಾರಜನಕ ಕೊಟ್ಟರೆ ಆಯಿತು. ನಾಲ್ಕೈದು ಉಂಗುರಗಳ ಹೈಡ್ರೋಕಾರ್ಬನ್‌ಗಳಿದ್ದರೆ ಶಿಲೀಂಧ್ರಕ್ಕೆ ಅರ್ಥವಿದೆ, ಬಳಸಿದ ಎಂಜಿನ್ ಆಯಿಲ್‌ನಲ್ಲಿ ಅವು ಇದ್ದೇ ಇರುತ್ತವೆ. ಸೀಸ, ಸತು, ಕ್ಯಾಡ್ಮಿಯಂ ಮಾತ್ರ ಎಲ್ಲಿಗೂ ಹೋಗುವುದಿಲ್ಲ. ಲೋಹವನ್ನು ಒಡೆಯುವ ಕಿಣ್ವವೇ ಇಲ್ಲ.

ಒಂದು ಘನ ಮೀಟರ್ ಮಣ್ಣಿನ ಲೆಕ್ಕ ಹೇಳುತ್ತೇನೆ. ಸುಮಾರು 25 ಕೆಜಿ ಒಣ ಹುಲ್ಲನ್ನು 3–5 ಸೆಂ.ಮೀ. ತುಂಡುಗಳಾಗಿ ಕತ್ತರಿಸಿ, 65–75 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಒಂದರಿಂದ ಒಂದೂವರೆ ಗಂಟೆ ಮುಳುಗಿಸಿಡಿ. ನೀರು ಬಸಿದು ಆರಿಸಿ. ಮುಷ್ಟಿಯಲ್ಲಿ ಬಿಗಿಯಾಗಿ ಹಿಂಡಿದರೆ ಒಂದೆರಡು ಹನಿ ಬರಬೇಕು, ಧಾರೆ ಇಳಿಯಬಾರದು. ಆಗ ಒದ್ದೆ ಹುಲ್ಲು 75 ಕೆಜಿಯ ಆಸುಪಾಸು ತೂಗುತ್ತದೆ. ಅದಕ್ಕೆ ಹತ್ತನೇ ಒಂದು ಭಾಗ, ಅಂದರೆ ಏಳೆಂಟು ಕೆಜಿ ಬೀಜ ಬೆರೆಸಿ, ತೂತು ಮಾಡಿದ ಚೀಲಗಳಲ್ಲಿ ತುಂಬಿ, 24–28 ಡಿಗ್ರಿಯಲ್ಲಿ ಎರಡು ಮೂರು ವಾರ ಇಡಿ. ಹುಲ್ಲೆಲ್ಲ ಬಿಳಿ ಎಳೆಯಿಂದ ಗಟ್ಟಿಯಾಗಿ ಕಚ್ಚಿಕೊಂಡ ಮೇಲೆಯೇ ಮಣ್ಣಿಗೆ ಹಾಕಬೇಕು. ಅರ್ಧ ಬಿಳಿಯಾದಾಗ ಅವಸರಪಟ್ಟರೆ ಹಸಿರು ಬೂಷ್ಟು ಗೆಲ್ಲುತ್ತದೆ.

ಮಣ್ಣಿಗೆ ಹಾಕುವ ಮುನ್ನ ಒಂದು ಗಾಜಿನ ಜಾಡಿಯಲ್ಲಿ ಪರೀಕ್ಷೆ ಮಾಡಿ: ಕೆಳಗೆ ನಿಮ್ಮ ಮಣ್ಣು, ಮೇಲೆ ಬಿಳಿ ಎಳೆ ಹಬ್ಬಿದ ಹುಲ್ಲು. ಹತ್ತು ದಿನದಲ್ಲಿ ಎಳೆಗಳು ಗಾಜಿನ ಒಳಮೈಯುದ್ದಕ್ಕೂ ಮಣ್ಣಿನೊಳಗೆ ಇಳಿಯುತ್ತಿದ್ದರೆ ಮುಂದುವರಿಯಿರಿ. ಗಡಿಯಲ್ಲೇ ನಿಂತು ಹಳದಿ ನೀರು ಬಿಟ್ಟರೆ ಮಣ್ಣು ಅದಕ್ಕೆ ತೀರಾ ವಿಷವಾಗಿದೆ ಎಂದರ್ಥ. ಆಗ ಹುಲ್ಲಿನ ಪಾಲು ಹೆಚ್ಚಿಸಿ ಮತ್ತೆ ನೋಡಿ.

ಕೈಗವಸು ಹಾಕಿ ಮಣ್ಣನ್ನು ಅಗೆದು, ಹೆಂಟೆ ಪುಡಿಮಾಡಿ, ದಪ್ಪ ಪ್ಲಾಸ್ಟಿಕ್ ಹಾಳೆಯ ಮೇಲೆ ಗಾತ್ರದ ಲೆಕ್ಕದಲ್ಲಿ ನಾಲ್ಕು ಪಾಲು ಮಣ್ಣಿಗೆ ಒಂದು ಪಾಲು ಹುಲ್ಲಿನಂತೆ ಬೆರೆಸಿ ರಾಶಿ ಹಾಕಿ. ಹಾಳೆಯ ಅಂಚುಗಳನ್ನು ಮೇಲೆತ್ತಿ ಕಟ್ಟಿ, ಬಸಿದ ನೀರು ಹೊರಗೆ ಹೋಗಬಾರದು. ಎತ್ತರ 50–60 ಸೆಂ.ಮೀ. ದಾಟಬಾರದು, ದಾಟಿದರೆ ನಡುವೆ ಗಾಳಿಯಾಡದೆ ಕಾವೇರುತ್ತದೆ, 35 ಡಿಗ್ರಿ ಮೀರಿದರೆ ಚಿಪ್ಪು ಅಣಬೆ ಸೊರಗುತ್ತದೆ. ಮಳೆ ಬೀಳದಂತೆ ಮೇಲೆ ಟಾರ್ಪಾಲ್ ಕಟ್ಟಿ, ರಾಶಿಗೆ ಅಂಟಿಸಬೇಡಿ. ಈ ಕಿಣ್ವಗಳಿಗೆ ಆಮ್ಲಜನಕ ಬೇಕೇ ಬೇಕು, ನೀರು ನಿಂತ ರಾಶಿ ಸತ್ತ ರಾಶಿ. ವಾರಕ್ಕೊಮ್ಮೆ ಮಗುಚುವ ಉತ್ಸಾಹವೂ ಬೇಡ, ಪ್ರತಿ ಸಲ ಎಳೆಗಳು ಹರಿಯುತ್ತವೆ. ಗೊಬ್ಬರ, ಯೂರಿಯಾ ಸುತರಾಂ ಬೇಡ. ಡೀಸೆಲ್ ತಿನ್ನುವ ಬ್ಯಾಕ್ಟೀರಿಯಾಕ್ಕೆ ನೆರವಾಗುವ ಅದೇ ಸಾರಜನಕ ಇಲ್ಲಿ ಎದುರಾಳಿಗಳನ್ನು ಬೆಳೆಸುತ್ತದೆ.

ಅಣಬೆ ಅರಳಿದರೆ ಮಣ್ಣು ಶುದ್ಧವಾಯಿತೆಂದು ಫೋಟೊ ಹಾಕುವವರಿದ್ದಾರೆ. ಅಣಬೆ ಬಂದದ್ದು ಹುಲ್ಲಿನ ಬಲದಿಂದ, ಅದು ಯಾವುದಕ್ಕೂ ಸಾಕ್ಷಿಯಲ್ಲ. ನಿಜ ತಿಳಿಯಲು ಪಕ್ಕದಲ್ಲೇ ಇನ್ನೊಂದು ಸಣ್ಣ ರಾಶಿ ಬೇಕು: ಅದೇ ಮಣ್ಣು, ಅಷ್ಟೇ ಹುಲ್ಲು, ಬೀಜ ಮಾತ್ರ ಇಲ್ಲ. ಹಗುರ ಎಣ್ಣೆ ತಾನಾಗಿ ಆವಿಯಾಗುತ್ತದೆ, ಹುಲ್ಲಿನಿಂದ ಬ್ಯಾಕ್ಟೀರಿಯಾಗಳೂ ಚುರುಕಾಗುತ್ತವೆ; ಎರಡು ರಾಶಿಗಳ ನಡುವಿನ ವ್ಯತ್ಯಾಸವಷ್ಟೇ ಅಣಬೆಯ ಗಳಿಕೆ. ರಾಶಿ ಹಾಕಿದ ದಿನ, ಎಂಟನೇ ವಾರ, ಹದಿನಾರನೇ ವಾರ, ಎರಡೂ ರಾಶಿಗಳ ಐದಾರು ಕಡೆಯಿಂದ ಮಣ್ಣು ತೆಗೆದು, ಆಯಾ ರಾಶಿಯದ್ದನ್ನು ಬೆರೆಸಿ ಗಾಜಿನ ಬಾಟಲಿಯಲ್ಲಿ ಕಳಿಸಿ. ಒಟ್ಟು ಪೆಟ್ರೋಲಿಯಂ ಹೈಡ್ರೋಕಾರ್ಬನ್ ಅಳೆಯುವ ಮುನ್ನ ಸಿಲಿಕಾ ಜೆಲ್ ಶುದ್ಧೀಕರಣ ಮಾಡಲು ಲ್ಯಾಬಿಗೆ ಹೇಳಿ. ಇಲ್ಲದಿದ್ದರೆ ಹುಲ್ಲಿನ ಕೊಬ್ಬಿನಂಶವೂ ಎಣ್ಣೆಯೆಂದೇ ಲೆಕ್ಕಕ್ಕೆ ಬರಬಹುದು.

ಅಂಕಿ ಇಳಿದರೂ ಒಂದು ತೊಡಕು ಉಳಿಯುತ್ತದೆ. ಉಂಗುರಗಳು ಅರ್ಧ ಮಾತ್ರ ಒಡೆದರೆ ಕ್ವಿನೋನ್ ಎಂಬ ರಾಸಾಯನಿಕಗಳು ಹುಟ್ಟುತ್ತವೆ. ಇವು ಕೆಲವೊಮ್ಮೆ ಮೂಲ ವಸ್ತುವಿಗಿಂತ ಹೆಚ್ಚು ವಿಷಕಾರಿ, ನೀರಿನಲ್ಲಿ ಹರಿದುಹೋಗುವುದೂ ಹೆಚ್ಚು. ಆದ್ದರಿಂದ ಕೊನೆಗೆ ಶುದ್ಧ ಮಣ್ಣು ಮತ್ತು ರಾಶಿಯ ಮಣ್ಣು ಎರಡರಲ್ಲೂ ಲೆಟ್ಯೂಸ್ ಬೀಜ ಹಾಕಿ, ಮೊಳಕೆ ಮತ್ತು ಬೇರಿನ ಉದ್ದ ಹೋಲಿಸಿ ನೋಡಿ. ಬೇರು ಮೊಟಕಾಗಿದ್ದರೆ, ಹುಲ್ಲು ಕಪ್ಪಾಗಿ ಕುಸಿದಿದ್ದರೆ, ಹೊಸದಾಗಿ ಅಣಬೆ ಬೆಳೆಸಿದ ಹುಲ್ಲು ಬೆರೆಸಿ ಇನ್ನೊಂದು ಸುತ್ತು ನಡೆಸಿ. ನಡುವೆ ಎದ್ದ ಅಣಬೆಗಳನ್ನು ಕಿತ್ತು ಚೀಲದಲ್ಲಿ ಕಟ್ಟಿ, ಮಣ್ಣಿನಲ್ಲಿ ಲೋಹವಿದ್ದರೆ ಅಪಾಯಕಾರಿ ತ್ಯಾಜ್ಯದ ಜೊತೆ ಕಳಿಸಿ. ಸೀಸ, ಕ್ಯಾಡ್ಮಿಯಂ ಅವುಗಳಲ್ಲಿ ಸೇರಿಕೊಂಡಿರಬಹುದು, ತಿನ್ನುವ ಮಾತೇ ಇಲ್ಲ.