ನಲ್ಲಿ ಬಿಟ್ಟುಕೊಂಡು ಕೆಮ್ಮುವ ಹುಡುಗ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಹುಡುಗನನ್ನು ಪುಟ್ಟ ಎಂದು ಕರೆಯೋಣ.)

ಪುಟ್ಟನಿಗೆ 9 ವರ್ಷ. ಅವನಿಗೆ ಅಸ್ತಮಾ ಇದೆ. ಆದರೆ ತಾಯಿ ಅವನನ್ನು ಆಪ್ತಸಮಾಲೋಚಕಿಯಾದ ನನ್ನ ಬಳಿ ಕರೆತಂದದ್ದು ಅಸ್ತಮಾಕ್ಕಲ್ಲ, ಸುಳ್ಳಿಗೆ. "ಕೆಮ್ಮು ಬಂದ್ರೆ ಬಚ್ಚಲಿಗೆ ಓಡ್ತಾನೆ ಮೇಡಂ. ನಲ್ಲಿ ಜೋರಾಗಿ ಬಿಟ್ಕೊಂಡು ಕೆಮ್ತಾನೆ. ಕೇಳಿದ್ರೆ ಮುಖ ತೊಳೀತಿದ್ದೆ ಅಂತಾನೆ."

ತಾಯಿಯನ್ನು ಹೊರಗೆ ಕೂರಿಸಿ ಅವನನ್ನೇ ಕೇಳಿದೆ. ಬಹಳ ಹೊತ್ತು ಪೆನ್ಸಿಲ್ ಕೆರೆಯುತ್ತಾ ಕೂತಿದ್ದವನು, "ಕೆಮ್ಮಿದ್ರೆ ಅಮ್ಮ ಅಳ್ತಾರೆ. ಅಪ್ಪ ಅಮ್ಮಂಗೆ ಬೈತಾರೆ. ಆಮೇಲೆ ಒಂದು ವಾರ ಆಟ ಇಲ್ಲ" ಎಂದ. ಉಸಿರು ಕಟ್ಟಿದಾಗ ಹೇಗಾಗುತ್ತೆ ಅಂದರೆ, "ಒಳಗೆ ಹೋಗುತ್ತೆ, ಹೊರಗೇ ಬರಲ್ಲ." ಅಸ್ತಮಾದಲ್ಲಿ ಆಗುವುದೂ ಅದೇ. ಶ್ವಾಸನಾಳದ ಒಳಪದರ ಊದಿಕೊಳ್ಳುತ್ತದೆ, ಸುತ್ತಲಿನ ಸ್ನಾಯು ಬಿಗಿಯುತ್ತದೆ, ಕಫ ಕಟ್ಟುತ್ತದೆ. ಎಳೆದುಕೊಂಡ ಗಾಳಿ ಹೊರಬೀಳಲು ಒದ್ದಾಡುತ್ತದೆ.

ಇನ್ಹೇಲರ್ ತೋರಿಸು ಎಂದೆ. ಬ್ಯಾಗಿನ ತಳದಲ್ಲಿ ಕರವಸ್ತ್ರ ಸುತ್ತಿಟ್ಟಿದ್ದ ನೀಲಿಯದನ್ನು ತೆಗೆದ. ಕುಲುಕಲಿಲ್ಲ. ಬಾಯಿ ತೆರೆದು, ಟಪಟಪ ಮೂರು ಸಲ ಒತ್ತಿ, ಆಮೇಲೆ ಉಸಿರೆಳೆಯುವ ಕ್ರಮ ಅವನದು. ಔಷಧಿಯೆಲ್ಲ ನಾಲಿಗೆಗೆ. ಔಷಧಿ ನೇರ ಶ್ವಾಸಕೋಶಕ್ಕೆ ಇಳಿಯಲೆಂದು ಇನ್ಹೇಲರಿಗೆ ಸಿಕ್ಕಿಸುವ ಕೊಳವೆ, ಸ್ಪೇಸರ್, ಮನೆಯ ಅಟ್ಟದಲ್ಲಿತ್ತಂತೆ, "ಅದು ಚಿಕ್ಕ ಮಕ್ಕಳಿಗೆ" ಅಂತ.

ದಿನವೂ ತೆಗೆದುಕೊಳ್ಳಬೇಕಾದ ಎರಡನೆಯ ಇನ್ಹೇಲರನ್ನು ತಾಯಿಯೇ ನಿಲ್ಲಿಸಿದ್ದರು. "ಚೆನ್ನಾಗಿದ್ದಾನಲ್ಲ, ಸುಮ್ನೆ ಯಾಕೆ ಸ್ಟೀರಾಯ್ಡು? ಚಟ ಆಗುತ್ತೆ, ಬೆಳೆಯಲ್ಲ ಅಂತಾರೆ." ಇಲ್ಲಿ "ಏನೂ ಆಗಲ್ಲ ಬಿಡಿ" ಎಂದು ತೇಲಿಸುವುದು ಸುಲಭ. ನಾಳೆ ಎಲ್ಲೋ ಓದಿದರೆ ನನ್ನ ಮೇಲಿನ ನಂಬಿಕೆಯೂ ಹೋಗುತ್ತದೆ. ಇದ್ದದ್ದನ್ನೇ ಹೇಳಿದೆ: ಇದಕ್ಕೆ ಚಟ ಹಿಡಿಯುವುದಿಲ್ಲ. ಎತ್ತರದ ಮೇಲೆ ಸ್ವಲ್ಪ ಪರಿಣಾಮ ಉಂಟು, ವರ್ಷಗಟ್ಟಲೆ ಬಳಸಿದ ಮಕ್ಕಳಲ್ಲಿ ಸರಾಸರಿ ಸುಮಾರು 1 ಸೆಂಟಿಮೀಟರ್. ಅದನ್ನು ಉಬ್ಬಸದ ರಾತ್ರಿಗಳ ಜೊತೆ, ಪದೇಪದೇ ನುಂಗಬೇಕಾಗುವ ಸ್ಟೀರಾಯ್ಡ್ ಮಾತ್ರೆಗಳ ಜೊತೆ ಇಟ್ಟು ತೂಗಿ ನೋಡಿ. ನೀಲಿಯದು ಬಿಗಿದ ಸ್ನಾಯುವನ್ನು ಸಡಿಲಿಸುತ್ತದೆ, ಅಷ್ಟೇ. ಊತ ಇಳಿಸುವುದು ದಿನದ ಇನ್ಹೇಲರ್. ಅವನು "ಚೆನ್ನಾಗಿದ್ದದ್ದು" ಅದರಿಂದಲೇ.

ಔಷಧಿ ಬದಲಿಸುವುದು ನನ್ನ ಕೆಲಸವಲ್ಲ. ಸ್ಪೇಸರ್ ಹಿಡಿದು ವೈದ್ಯರ ಬಳಿ ವಾಪಸ್ ಕಳಿಸಿದೆ. ಅವರು ಕೈಹಿಡಿದು ಕಲಿಸಿದರು: ಕುಲುಕು, ಒಂದೇ ಪಫ್, ಐದಾರು ನಿಧಾನದ ಉಸಿರು, ಮತ್ತೆ ಬೇಕಿದ್ದರೆ ಇನ್ನೊಂದು. ಯಾವಾಗ ಏನು ಮಾಡಬೇಕೆಂದು ಒಂದು ಹಾಳೆಯಲ್ಲಿ ಬರೆದುಕೊಟ್ಟರು. ಆಟಕ್ಕೆ ಅಡ್ಡಿಯಿಲ್ಲ ಅಂತಲೂ ಅದರಲ್ಲಿತ್ತು. ಪುಟ್ಟ ಓದಿದ್ದು ಆ ಸಾಲನ್ನು ಮಾತ್ರ.

ನನ್ನ ಪಾಲಿಗೆ ಉಳಿದದ್ದು ಮನೆಯ ಗಾಬರಿ. ಕೆಮ್ಮು ಕೇಳಿದರೆ "ಅಯ್ಯೋ, ಮತ್ತೆ ಶುರುವಾಯ್ತಾ" ಅನ್ನಬೇಡಿ, "ಎಷ್ಟು?" ಅಂತಷ್ಟೇ ಕೇಳಿ ಎಂದೆ. ಅವನು ಒಂದರಿಂದ ಐದರವರೆಗೆ ಬೆರಳು ತೋರಿಸಬೇಕು. ನೀಲಿಯದನ್ನು ಬಳಸಿದ ದಿನ ಕ್ಯಾಲೆಂಡರಿನಲ್ಲಿ ಅವನೇ ಗುರುತು ಹಾಕಬೇಕು. ವಾರಕ್ಕೆ ಎರಡು ಸಲಕ್ಕಿಂತ ಹೆಚ್ಚಾದರೆ ವೈದ್ಯರಿಗೆ ತಿಳಿಸಬೇಕು. ದಿನದ ಇನ್ಹೇಲರ್ ಹಲ್ಲುಜ್ಜುವ ಬ್ರಷ್ ಪಕ್ಕದಲ್ಲಿರಲಿ: ಮೊದಲು ಪಫ್, ಆಮೇಲೆ ಬ್ರಷ್. ಈ ಪಫ್ ಆದಮೇಲೆ ಬಾಯಿ ಮುಕ್ಕಳಿಸಬೇಕು, ಅದನ್ನು ಬೇರೆ ನೆನಪಿಸಬೇಕಾಗಿಲ್ಲ. ಆದರೆ ಒಂದು ವಾಕ್ಯ ಪೂರ್ತಿ ಮಾಡಲಾಗದಷ್ಟು ಏದುಸಿರು, ಪಕ್ಕೆಲುಬುಗಳ ನಡುವೆ ಚರ್ಮ ಒಳಕ್ಕೆ ಎಳೆದುಕೊಳ್ಳುವುದು, ತುಟಿ ನೀಲಿಗಟ್ಟುವುದು, ನೀಲಿ ಇನ್ಹೇಲರಿಗೂ ಜಗ್ಗದಿರುವುದು, ಇವುಗಳಲ್ಲಿ ಒಂದು ಕಂಡರೂ ಬೆರಳೆಣಿಕೆ ಬಿಟ್ಟು ಆಸ್ಪತ್ರೆಗೆ ಓಡಿ. ದಾರಿಯಲ್ಲೂ ಹಾಳೆಯಲ್ಲಿರುವಂತೆ ಪಫ್ ಕೊಡುತ್ತಿರಿ.

ತಂದೆ ಒಂದೇ ಸಲ ಬಂದರು. "ಬಾಲ್ಕನಿಯಲ್ಲಿ ಸೇದ್ತೀನಿ, ಒಳಗಲ್ಲ." ಹೊಗೆ ಹಿಡಿದ ಅಂಗಿ ಒಳಗೆ ಬರುತ್ತಲ್ಲ ಎಂದೆ. ಉತ್ತರ ಬರಲಿಲ್ಲ.

ಮೂರು ತಿಂಗಳ ನಂತರದ ಭೇಟಿಯಲ್ಲಿ ನಾನು ಕೇಳುವ ಮೊದಲೇ ಪುಟ್ಟ, "ರಜೆಗೆ ಹೋದಾಗ ನಾಲ್ಕು ದಿನ ಮರೆತ್ವಿ" ಎಂದ. ಅಮ್ಮ ಕುರ್ಚಿಯ ಅಂಚು ಹಿಡಿದುಕೊಂಡರು, ಏನೂ ಅನ್ನಲಿಲ್ಲ. ಆಮೇಲೆ ಅವನು ಕೆಮ್ಮಿದ, ನಮ್ಮಿಬ್ಬರ ಮುಂದೆಯೇ.

"ಎಷ್ಟೋ?"

ಬರೆಯುತ್ತಿದ್ದ ಚಿತ್ರದಿಂದ ತಲೆಯೆತ್ತದೆ ಒಂದು ಬೆರಳು ತೋರಿಸಿದ.